ನಾಲ್ಕು ಫ್ರಾಂಕೆನ್‌ಸ್ಟೈನ್: ದುಡ್ಡು ಕೊಡುವುದಾದರೆ 1818ರದ್ದಕ್ಕೇ ಕೊಡಿ

ಮೊದಲೇ ಹೇಳಿಬಿಡುತ್ತೇನೆ. ಮೇರಿ ಶೆಲ್ಲಿಯವರ 'ಫ್ರಾಂಕೆನ್‌ಸ್ಟೈನ್' ಓದಬೇಕು ಅಂತಿದ್ದರೆ 1818ರ ಪಠ್ಯವನ್ನೇ ಹುಡುಕಿ ಕೊಳ್ಳಿ. 1831ರ ಪಠ್ಯಕ್ಕೆ ಎರಡನೇ ಜಾಗ. ಸಿನಿಮಾ ಬೇಕು ಅಂದರೆ ಮೊದಲು 1931ರ ಕಪ್ಪು-ಬಿಳುಪು ಚಿತ್ರ ನೋಡಿ, ಆಮೇಲೆ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ 2025ರಲ್ಲಿ ಮಾಡಿದ್ದು. ಈ ನಾಲ್ಕನ್ನೂ ಒಂದರ ಹಿಂದೆ ಒಂದು ಓದಿ, ನೋಡಿ ಮುಗಿಸಿದೆ. ಹಾಗೆ ಮಾಡಬೇಕಾಗಿ ಬಂದದ್ದು ಒಂದು ಅಗ್ಗದ ಪುಸ್ತಕದಿಂದ. ಕಥೆಯ ಕೊನೆಯ ಬಗ್ಗೆಯೂ ಕೆಳಗೆ ಬರೆದಿದ್ದೇನೆ. ಅದು ಈಗಲೇ ಗೊತ್ತಾಗುವುದು ಬೇಡ ಅನ್ನುವವರು ಓದಿ ಮುಗಿಸಿದ ಮೇಲೆ ಬನ್ನಿ.

ಆ ಪುಸ್ತಕ ಆನ್‌ಲೈನ್‌ನಲ್ಲಿ 150 ರೂಪಾಯಿಗೆ ಸಿಕ್ಕಿತು. ರಕ್ಷಾಪುಟದ ಮೇಲೆ ಚಪ್ಪಟೆ ತಲೆಯ, ಕತ್ತಿಗೆ ಬೋಲ್ಟ್ ಹಾಕಿದ ಹಸಿರು ಮುಖ. ಆ ಮುಖ ಕಾದಂಬರಿಯಲ್ಲಿ ಎಲ್ಲೂ ಬರುವುದಿಲ್ಲ. ಚಪ್ಪಟೆ ತಲೆ, ಬೋಲ್ಟು ಎಲ್ಲ 1931ರ ಚಿತ್ರಕ್ಕೆ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಮಾಡಿಕೊಟ್ಟದ್ದು. ಮೇರಿಯ ಕಥೆಯಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಅನ್ನುವ ಯುವಕ ಹೆಣಗಳ ಭಾಗ ಜೋಡಿಸಿ ಜೀವ ಕೊಟ್ಟ ಜೀವಿ ಎಂಟು ಅಡಿ ಎತ್ತರ. ಒಳಗಿನ ನರ ಕಾಣುವಷ್ಟು ತೆಳು ಹಳದಿ ಚರ್ಮ, ಉದ್ದನೆಯ ಕಪ್ಪು ಕೂದಲು, ಬೆಳ್ಳಗಿನ ಹಲ್ಲು. ಮುಖಪುಟ ಹೇಗಾದರೂ ಇರಲಿ, ಒಳಗೆ ಸರಿ ಇದ್ದರೆ ಸಾಕಲ್ವಾ? ಒಳಗೆ 'ಸಂಪೂರ್ಣ ಆವೃತ್ತಿ' ಅಂತ ಅಚ್ಚಾಗಿತ್ತು. ಯಾವ ವರ್ಷದ ಪಠ್ಯ ಅಂತ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ಇಲ್ಲ.

ಇದೇ ದೊಡ್ಡ ತಲೆನೋವು. ಯಾಕೆಂದರೆ ಈ ಕಾದಂಬರಿ ಎರಡು ಇದೆ, ಎರಡೂ ಸಂಪೂರ್ಣವೇ. ಮೊದಲನೆಯದು 1818ರ ಜನವರಿ 1ರಂದು ಲಂಡನ್ನಿನಲ್ಲಿ ಹೊರಬಂತು. ಮೂರು ಸಂಪುಟ, 500 ಪ್ರತಿ, ಲೇಖಕಿಯ ಹೆಸರೇ ಇಲ್ಲ. ಮುನ್ನುಡಿ ಬರೆದದ್ದು ಗಂಡ ಪರ್ಸಿ ಶೆಲ್ಲಿ. ವಿಮರ್ಶೆ ಬರೆದ ಹೆಸರಾಂತ ಲೇಖಕ ವಾಲ್ಟರ್ ಸ್ಕಾಟ್ ಅಂಥವರೇ ಇದನ್ನು ಪರ್ಸಿ ಬರೆದದ್ದು ಅಂದುಕೊಂಡಿದ್ದರು. 1823ರಲ್ಲಿ ಮೇರಿಯ ಹೆಸರು ಹಾಕಿ ಇನ್ನೊಮ್ಮೆ ಅಚ್ಚಾಯಿತು. 1831ರಲ್ಲಿ ಮೇರಿ ತಾವೇ ಕೂತು ತಿದ್ದಿ, ಹೊಸ ಮುನ್ನುಡಿ ಸೇರಿಸಿ, ಒಂದೇ ಸಂಪುಟವಾಗಿ ತಂದರು. ಆಮೇಲೆ ಬಹಳ ಕಾಲ ಓದುಗರ ಕೈಗೆ ಸಿಕ್ಕಿದ್ದು ಈ ತಿದ್ದಿದ ಪಠ್ಯವೇ. 1818ರದ್ದು ಮತ್ತೆ ಬಳಕೆಗೆ ಬಂದದ್ದು ಇತ್ತೀಚಿನ ದಶಕಗಳಲ್ಲಿ.

ನಾನು ಬೆಂಗಳೂರಿನಲ್ಲಿ, ನನ್ನ ತಂಗಿ ಮೈಸೂರಿನಲ್ಲಿ ಇದನ್ನು ಜೊತೆಜೊತೆಗೆ ಓದುತ್ತಿದ್ದೆವು. ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಮಾತು. ಅವಳ ಹತ್ತಿರ ಇದ್ದದ್ದು ಬೇರೆ ಪುಸ್ತಕ.

"ಅಕ್ಕಾ, ನಾಲ್ಕನೇ ಅಧ್ಯಾಯದಲ್ಲಿ ಜೀವಿ ಕಣ್ಣು ಬಿಟ್ಟುಬಿಡ್ತು, ಓದಿದ್ಯಾ?"

ನಾನು ನಾಲ್ಕನೇ ಅಧ್ಯಾಯ ಮುಗಿಸಿ ಕೂತಿದ್ದೆ. ವಿಕ್ಟರ್ ಇನ್ನೂ ಸ್ಮಶಾನದಲ್ಲಿ ಮೂಳೆ ಹುಡುಕುತ್ತಿದ್ದ. ಜೀವಿ ಕಣ್ಣು ಬಿಡುವುದು ನನ್ನದರಲ್ಲಿ ಐದನೇ ಅಧ್ಯಾಯದಲ್ಲಿ. ಇನ್ನೊಂದು ದಿನ, ವಿಕ್ಟರ್ ಮದುವೆಯಾಗುವ ಎಲಿಜಬೆತ್ ವಿಷಯ ಬಂತು. ತಂಗಿಯ ಪುಸ್ತಕದಲ್ಲಿ ಅವಳು ವಿಕ್ಟರ್‌ನ ಸೋದರತ್ತೆಯ ಮಗಳು. ಸೋದರತ್ತೆ ಮಗಳನ್ನು ಮದುವೆ ಆಗುವುದು ನಮ್ಮ ಕಡೆ ಹೊಸದೇನಲ್ಲ, ಹಾಗಾಗಿ ಅವಳಿಗೆ ಏನೂ ಅನ್ನಿಸಿರಲಿಲ್ಲ. ನನ್ನ ಪುಸ್ತಕದಲ್ಲಿ ನೋಡಿದರೆ ಎಲಿಜಬೆತ್ ಸಂಬಂಧಿಕಳೇ ಅಲ್ಲ. ಇಟಲಿಯ ಕೋಮೊ ಸರೋವರದ ಹತ್ತಿರ ಬಡ ರೈತರ ಮನೆಯಲ್ಲಿ ಬೆಳೆಯುತ್ತಿದ್ದ ಅನಾಥ ಮಗು. ವಿಕ್ಟರ್‌ನ ತಾಯಿ ಅವಳನ್ನು ನೋಡಿ, ಕರೆತಂದು ಸಾಕುತ್ತಾಳೆ. ಇಬ್ಬರೂ ಪುಟದ ಫೋಟೊ ತೆಗೆದು ಕಳಿಸಿಕೊಂಡೆವು. ಇಬ್ಬರ ಪುಸ್ತಕವೂ ಸರಿಯೇ. ಅವಳದ್ದು 1818ರದ್ದು, ನನ್ನದು 1831ರದ್ದು.

ಅಗ್ಗದ ಪುಸ್ತಕದ ಇನ್ನೊಂದು ಕಾಟ ಅಚ್ಚಿನದು. ಈ ಕಾದಂಬರಿಯಲ್ಲಿ ಕಥೆಯೊಳಗೆ ಕಥೆ ಇದೆ. ಧ್ರುವ ಪ್ರದೇಶಕ್ಕೆ ಹಡಗಿನಲ್ಲಿ ಹೊರಟ ವಾಲ್ಟನ್ ತನ್ನ ಅಕ್ಕನಿಗೆ ಪತ್ರ ಬರೆಯುತ್ತಾನೆ. ಆ ಪತ್ರದೊಳಗೆ ವಿಕ್ಟರ್ ತನ್ನ ಕಥೆ ಹೇಳುತ್ತಾನೆ. ಅದರೊಳಗೆ ಜೀವಿ ತನ್ನದನ್ನು ಹೇಳುತ್ತದೆ. ಮೂವರಿಗೂ 'ನಾನು' ಅಂತಲೇ ಮಾತು. ಯಾರ ಮಾತು ಎಲ್ಲಿ ಮುಗಿಯಿತು ಅಂತ ತೋರಿಸಲು ಇರುವುದು ಉದ್ಧರಣ ಚಿಹ್ನೆ ಮಾತ್ರ. ನನ್ನ ಪ್ರತಿಯಲ್ಲಿ ಅವು ಪುಟಗಟ್ಟಲೆ ಮಾಯ. ಜೀವಿ ಮಾತು ನಿಲ್ಲಿಸಿ ವಿಕ್ಟರ್ ಮತ್ತೆ ಶುರು ಮಾಡುವ ಕಡೆ ನಾನು ಎರಡು ಪುಟ ಹಿಂದೆ ಹೋಗಿ ಓದಿಕೊಂಡು ಬರಬೇಕಾಯಿತು.

ಹಾಗಾಗಿ ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಿ. ಪರಿವಿಡಿಯಲ್ಲಿ ಮೂರು ಸಂಪುಟ ಇದ್ದು, ಪ್ರತಿ ಸಂಪುಟಕ್ಕೂ ಅಧ್ಯಾಯದ ಸಂಖ್ಯೆ ಮತ್ತೆ ಒಂದರಿಂದ ಶುರುವಾದರೆ ಅದು 1818ರದ್ದು. ಸಾಲಾಗಿ 24 ಅಧ್ಯಾಯ ಇದ್ದರೆ 1831ರದ್ದು. ಮುನ್ನುಡಿ ನೋಡಿ ತೀರ್ಮಾನ ಮಾಡಬೇಡಿ, 1831ರ ಮುನ್ನುಡಿಯನ್ನು 1818ರ ಪಠ್ಯದ ಜೊತೆ ಅನುಬಂಧವಾಗಿ ಕೊಡುವವರೂ ಇದ್ದಾರೆ. ಎಲ್ಲಕ್ಕಿಂತ ಖಾತ್ರಿ ಎಂದರೆ ಎಲಿಜಬೆತ್. ಶುರುವಿನ ಅಧ್ಯಾಯ ತಿರುವಿ ಹಾಕಿ, ಅವಳು ವಿಕ್ಟರ್‌ನ ತಂದೆಯ ತಂಗಿಯ ಮಗಳಾಗಿದ್ದರೆ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮಾದರಿ ಪುಟಗಳಲ್ಲಿ ಇದನ್ನೇ ನೋಡಬಹುದು. ಪೆಂಗ್ವಿನ್‌ನವರು 2018ರಲ್ಲಿ ತಂದ ಆವೃತ್ತಿಗೆ '1818ರ ಪಠ್ಯ' ಅಂತ ಹೆಸರಲ್ಲೇ ಹಾಕಿದ್ದಾರೆ. ಅಲ್ಲಿ ಗೊಂದಲವಿಲ್ಲ.

ಇಷ್ಟೆಲ್ಲ ಯಾಕೆ ಒದ್ದಾಡಬೇಕು, ಅತ್ತೆ ಮಗಳಾದರೇನು ಸಾಕುಮಗಳಾದರೇನು ಅನ್ನಬಹುದು. ನಿಜವಾದ ವ್ಯತ್ಯಾಸ ಅದಲ್ಲ. ತಪ್ಪು ಯಾರದ್ದು ಅನ್ನುವ ಕಡೆ ಎರಡು ಪಠ್ಯಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

1818ರ ವಿಕ್ಟರ್‌ಗೆ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಒಳ್ಳೆಯ ತಂದೆ, ಒಳ್ಳೆಯ ಮನೆ, ಓದಿಗೆ ಯಾವ ಕೊರತೆಯೂ ಇಲ್ಲ. ತಂದೆ ಮಗನಿಗೆ ಸಣ್ಣ ವಿದ್ಯುತ್ ಯಂತ್ರ ಮಾಡಿ ತೋರಿಸುತ್ತಾನೆ, ಗಾಳಿಪಟ ಹಾರಿಸಿ ಮೋಡದಿಂದ ವಿದ್ಯುತ್ ಇಳಿಸಿ ತೋರಿಸುತ್ತಾನೆ. (1831ರಲ್ಲಿ ಈ ಪಾಠ ತಂದೆಯ ಕೈತಪ್ಪಿ, ಮನೆಗೆ ಬಂದ ಯಾರೋ ವಿದ್ವಾಂಸನ ಪಾಲಾಗಿದೆ. ಆ ಗಾಳಿಪಟ ನನಗೆ ಬಹಳ ಇಷ್ಟವಾಗಿತ್ತು.) ಇಂಥ ಮನೆಯಲ್ಲಿ ಬೆಳೆದವನು ತಾನಾಗಿಯೇ ಜೀವಿಯನ್ನು ಮಾಡುತ್ತಾನೆ, ಅದು ನೋಡಲು ಚೆನ್ನಾಗಿಲ್ಲ ಅಂತ ಬಿಟ್ಟು ಓಡುತ್ತಾನೆ. ಅದಕ್ಕೆ ಒಂದು ಹೆಸರನ್ನೂ ಇಡುವುದಿಲ್ಲ.

1831ರಲ್ಲಿ ಇದೇ ವಿಕ್ಟರ್ ಹಣೆಬರಹದ ಮಾತು ಜಾಸ್ತಿ ಆಡುತ್ತಾನೆ. ವಿಧಿ ನನಗಿಂತ ಬಲವಾಗಿತ್ತು, ನನ್ನ ನಾಶ ಮೊದಲೇ ಬರೆದಿಟ್ಟಿತ್ತು ಅನ್ನುವಂಥ ಸಾಲುಗಳನ್ನು ಮೇರಿ ಹೊಸದಾಗಿ ಸೇರಿಸಿದ್ದಾರೆ. ಯಾಕೆ ಸೇರಿಸಿರಬಹುದು ಅಂತ ಅವರ ಬದುಕು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಮೊದಲ ಆವೃತ್ತಿ ಬಂದ ವರ್ಷವೇ ಮಗಳು ಕ್ಲಾರಾ ತೀರಿಕೊಂಡಳು, 1819ರಲ್ಲಿ ಮಗ ವಿಲಿಯಂ, 1822ರಲ್ಲಿ ಗಂಡ ಸಮುದ್ರದಲ್ಲಿ ಮುಳುಗಿಹೋದರು. ಕಾದಂಬರಿಯಲ್ಲಿ ಜೀವಿ ಮೊದಲು ಕೊಲ್ಲುವ ಹುಡುಗನ ಹೆಸರೂ ವಿಲಿಯಂ. ಅದನ್ನು ಬರೆದಾಗ ಅವರ ಮಗ ಬದುಕಿದ್ದ. 1831ರಲ್ಲಿ ಅದೇ ಪುಟವನ್ನು ತಿದ್ದಲು ಕೂತಾಗ ಇರಲಿಲ್ಲ. ಅಷ್ಟೊಂದು ಸಾವು ಕಂಡವರು ವಿಧಿಯನ್ನು ನಂಬಿದರೆ ನಾನು ಆಕ್ಷೇಪ ಮಾಡಲಾರೆ. ಆದರೂ ಓದುಗಳಾಗಿ ನನಗೆ ಬೇಕಾದದ್ದು ಜವಾಬ್ದಾರಿಯಿಂದ ಜಾರಿಕೊಳ್ಳಲು ಆಗದ ಆ ಮೊದಲ ವಿಕ್ಟರ್.

1831ರ ಪರವಾಗಿ ಒಂದು ದೊಡ್ಡ ಮಾತು: ಈ ಕಥೆ ಹುಟ್ಟಿದ ಬಗೆಯನ್ನು ಮೇರಿಯೇ ಹೇಳುವ ಅದರ ಮುನ್ನುಡಿ. 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಯುರೋಪಿನ ಬಿಸಿಲನ್ನೂ ಕೆಡಿಸಿತ್ತು. ಜಿನೀವಾ ಸರೋವರದ ದಡದಲ್ಲಿ ಮಳೆಯಿಂದ ಮನೆಯೊಳಗೇ ಕೂತ ಗುಂಪಿಗೆ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದರು. ಮೇರಿಗೆ ಆಗ ಹದಿನೆಂಟು. ಎಷ್ಟೋ ದಿನ ಏನೂ ಹೊಳೆಯದೆ, ದಿನಾ ಬೆಳಿಗ್ಗೆ "ಕಥೆ ಸಿಕ್ತಾ?" ಅಂತ ಕೇಳುವವರಿಗೆ ಇಲ್ಲ ಅನ್ನಬೇಕಾಗಿ ಬಂದದ್ದನ್ನು ಅವರು ಎಷ್ಟು ಸಹಜವಾಗಿ ಬರೆದಿದ್ದಾರೆ ಅಂದರೆ, ಬರೆಯುವ ಆಸೆ ಇರುವವರೆಲ್ಲ ಅದೊಂದನ್ನಾದರೂ ಓದಬೇಕು. ಕಾದಂಬರಿ ಮುಗಿದ ಮೇಲೆ ಓದಿ.

ಎರಡೂ ಪಠ್ಯಗಳಲ್ಲಿ ಬದಲಾಗದೆ ಉಳಿದ ಮಧ್ಯಭಾಗವೇ ಪುಸ್ತಕದ ಜೀವ. ಜೀವಿ ಒಂದು ಗುಡಿಸಲಿಗೆ ಅಂಟಿಕೊಂಡ ಗೂಡಿನಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಪಕ್ಕದ ಮನೆಯವರನ್ನು ನೋಡುತ್ತದೆ. ಅವರ ಬಾಯಿಂದ ಮೊದಲು ಕಲಿಯುವ ಮಾತುಗಳು ಬೆಂಕಿ, ಹಾಲು, ರೊಟ್ಟಿ, ಸೌದೆ. ಆ ಮನೆಯಲ್ಲಿ ಹಸಿವಿದೆ ಅಂತ ಗೊತ್ತಾದ ಮೇಲೆ ಅವರ ಆಹಾರ ಕದಿಯುವುದನ್ನು ಬಿಟ್ಟು, ರಾತ್ರಿ ಕಾಡಿಗೆ ಹೋಗಿ ಸೌದೆ ಕಡಿದು ತಂದು ಬಾಗಿಲ ಮುಂದೆ ಇಡುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಹುಡುಗಿ ಅಷ್ಟು ಸೌದೆ ನೋಡಿ ಬೆರಗಾಗಿ ಏನೋ ಹೇಳುತ್ತಾಳೆ. ಹೇಳಿದ್ದೇನು ಅಂತ ಜೀವಿಗೆ ಅರ್ಥವಾಗುವುದಿಲ್ಲ. ಆಮೇಲೆ ಕಾಡಿನಲ್ಲಿ ಒಂದು ಚರ್ಮದ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ಮಿಲ್ಟನ್, ಪ್ಲುಟಾರ್ಕ್, ಗಯಟೆ ಬರೆದ ಪುಸ್ತಕಗಳು. ಅವನ್ನು ಓದಿ ಮುಗಿಸುವ ಹೊತ್ತಿಗೆ ಅದು ತನ್ನನ್ನು ಮಾಡಿದವನಿಗಿಂತ ಚೆನ್ನಾಗಿ ಮಾತಾಡಬಲ್ಲದು. ಮನೆಯ ಕುರುಡು ಅಜ್ಜನ ಜೊತೆ ಮಾತಿಗೆ ಕೂತಾಗ ಅಜ್ಜ ಪ್ರೀತಿಯಿಂದಲೇ ಕೇಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಮಗ ಬಂದು ದೊಣ್ಣೆಯಿಂದ ಹೊಡೆಯುತ್ತಾನೆ. ಅವನನ್ನು ಸೀಳಿಹಾಕುವ ಶಕ್ತಿ ಜೀವಿಗಿದೆ. ಕೈ ಎತ್ತದೆ ಹೊರಗೆ ಹೋಗುತ್ತದೆ. ಯಾವ ಪಠ್ಯ ಕೊಂಡರೂ ಇದು ನಿಮಗೆ ಸಿಗುತ್ತದೆ.

1931ರ ಚಿತ್ರದಲ್ಲಿ ಇದು ಸಿಗುವುದಿಲ್ಲ. ಜೇಮ್ಸ್ ವೇಲ್ ನಿರ್ದೇಶನ, ಬೋರಿಸ್ ಕಾರ್ಲಾಫ್ ಜೀವಿಯ ಪಾತ್ರ. ಇಲ್ಲಿ ಜೀವಿಗೆ ಮಾತೇ ಇಲ್ಲ. ವಿಕ್ಟರ್ ಅನ್ನುವ ಹೆಸರು ಹೆನ್ರಿ ಆಗಿದೆ. ಸಹಾಯಕ ಫ್ರಿಟ್ಸ್ ಒಳ್ಳೆಯ ಮಿದುಳಿನ ಜಾಡಿ ಬೀಳಿಸಿ ಒಡೆದು, ಅಪರಾಧಿಯ ಮಿದುಳನ್ನು ಎತ್ತಿಕೊಂಡು ಬರುತ್ತಾನೆ. ಅಲ್ಲಿಗೆ ತಪ್ಪೆಲ್ಲ ಮಿದುಳಿನ ಮೇಲೆ ಹೋಯಿತು. ಕಥೆಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಸಾಲದ್ದಕ್ಕೆ ಶೀರ್ಷಿಕೆಯಲ್ಲಿ ಮೂಲ ಲೇಖಕಿಯ ಹೆಸರು 'ಶ್ರೀಮತಿ ಪರ್ಸಿ ಬಿ. ಶೆಲ್ಲಿ' ಅಂತ ಬರುತ್ತದೆ. ನನಗೆ ಸಿಟ್ಟೇ ಬಂತು.

ಆದರೂ ಇದನ್ನು ಎರಡು ಸಲ ನೋಡಿದೆ. ಕಾರಣ ಕಾರ್ಲಾಫ್. ಕತ್ತಲಲ್ಲಿ ಇಟ್ಟಿದ್ದ ಜೀವಿಯನ್ನು ಕುರ್ಚಿಯ ಮೇಲೆ ಕೂರಿಸಿ ಚಾವಣಿಯ ಕಿಂಡಿ ತೆಗೆಯುತ್ತಾರೆ. ಬೆಳಕು ಮುಖದ ಮೇಲೆ ಬೀಳುತ್ತದೆ. ಅದು ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೆಳಕನ್ನು ಹಿಡಿಯಲು ನೋಡುತ್ತದೆ. ಕಿಂಡಿ ಮುಚ್ಚಿಬಿಡುತ್ತಾರೆ. ಕೈಗಳು ಹಾಗೇ ಚಾಚಿಕೊಂಡಿರುತ್ತವೆ, ಕೊಡಿ ಅಂತ ಕೇಳುವ ಹಾಗೆ. ಹಿನ್ನೆಲೆ ಸಂಗೀತ ಇಲ್ಲ, ಜೀವಿಗೆ ಮಾತಿಲ್ಲ. ಕೆರೆಯ ದಡದಲ್ಲಿ ಪುಟ್ಟ ಹುಡುಗಿ ಮರಿಯಾ ಜೊತೆ ಹೂ ತೇಲಿಬಿಡುವ ದೃಶ್ಯವೂ ಹೀಗೇ. ಹೂ ಮುಗಿದ ಮೇಲೆ, ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅವಳನ್ನು ನೀರಿಗೆ ಹಾಕಿಬಿಡುತ್ತದೆ. ಈ ತುಣುಕನ್ನು ಸೆನ್ಸಾರಿನವರು ಕತ್ತರಿಸಿದ್ದರು, 1980ರ ದಶಕದಲ್ಲಿ ಮತ್ತೆ ಸೇರಿಸಲಾಯಿತು. ಕತ್ತರಿಸಿದ ಪ್ರತಿ ನೋಡಿದವರು ಜೀವಿ ಬೇಕಂತಲೇ ಏನೋ ಕ್ರೂರವಾದದ್ದು ಮಾಡಿತು ಅಂದುಕೊಂಡಿರಬೇಕು. ನೀವು ನೋಡುವಾಗ ಈ ತುಣುಕು ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಇಡೀ ಚಿತ್ರ ಸುಮಾರು 70 ನಿಮಿಷ.

1935ರ ಮುಂದಿನ ಭಾಗದಲ್ಲಿ ಜೀವಿ ನಾಲ್ಕು ಮಾತು ಕಲಿಯುತ್ತದೆ, ಅದೂ ಒಳ್ಳೆಯ ಚಿತ್ರ. 1994ರಲ್ಲಿ ಕೆನೆತ್ ಬ್ರಾನಾ ಮಾಡಿದ್ದು ಪುಸ್ತಕಕ್ಕೆ ಹತ್ತಿರ ಇದ್ದರೂ ಒಂದು ಕ್ಷಣ ನಿಂತು ಉಸಿರಾಡುವುದಿಲ್ಲ.

ಡೆಲ್ ಟೊರೊ ಚಿತ್ರದ ಮೇಲೆ ನನಗೆ ಬಹಳ ಆಸೆ ಇತ್ತು. 2025ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಎರಡೂವರೆ ಗಂಟೆ. ಆಸ್ಕರ್ ಐಸಾಕ್ ವಿಕ್ಟರ್, ಜೇಕಬ್ ಎಲೋರ್ಡಿ ಜೀವಿ. ಕಥೆಯನ್ನು 1850ರ ದಶಕಕ್ಕೆ ತಂದಿದ್ದಾರೆ. ಶಸ್ತ್ರಾಸ್ತ್ರ ವ್ಯಾಪಾರಿಯೊಬ್ಬನ ದುಡ್ಡು, ಯುದ್ಧದಲ್ಲಿ ಸತ್ತ ಸೈನಿಕರ ದೇಹ. ಈ ಬದಲಾವಣೆ ನನಗೆ ಹಿಡಿಸಿತು, ಅಷ್ಟೊಂದು ಹೆಣ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿತು. ಜೀವಿಗೆ ಮಾತು ವಾಪಸ್ ಬಂದಿದೆ. ಅದರ ಕಥೆಯನ್ನು ಅದೇ ಹೇಳುತ್ತದೆ. ಕುರುಡು ಅಜ್ಜನ ಜೊತೆ ಕಳೆಯುವ ಚಳಿಗಾಲ ಇಡೀ ಚಿತ್ರದಲ್ಲೇ ಚೆಂದ. ಎಲೋರ್ಡಿ ಆ ಉದ್ದನೆಯ ಬೆರಳುಗಳಿಂದ ಒಂದೊಂದು ವಸ್ತುವನ್ನು ಮುಟ್ಟಿ ನೋಡುವುದರಲ್ಲೇ ಮಗುತನ ಕಾಣುತ್ತದೆ.

ನನ್ನ ತಕರಾರು ಎರಡು. ವಿಕ್ಟರ್‌ನ ತಂದೆಯನ್ನು ಇಲ್ಲಿ ಬೆತ್ತ ಹಿಡಿದ ಕ್ರೂರಿ ಮಾಡಿದ್ದಾರೆ. ಗಾಳಿಪಟ ಹಾರಿಸಿದ ಆ ತಂದೆ ಎಲ್ಲಿ, ಇವನೆಲ್ಲಿ! ಅಪ್ಪ ಹೊಡೆದ, ಅದಕ್ಕೇ ಮಗ ಹೀಗಾದ ಅಂತ ಅರ್ಥ ಬರುತ್ತದೆ. 1831ರಲ್ಲಿ ವಿಧಿ ಹೊತ್ತ ಭಾರವನ್ನು, 1931ರಲ್ಲಿ ಮಿದುಳು ಹೊತ್ತ ಭಾರವನ್ನು ಇಲ್ಲಿ ಅಪ್ಪ ಹೊರುತ್ತಾನೆ. ಇನ್ನೊಂದು ತಕರಾರು ಕೊನೆಯದು. ಸಾಯುವ ಮುಂಚೆ ವಿಕ್ಟರ್ ಕ್ಷಮೆ ಕೇಳುತ್ತಾನೆ, ಜೀವಿ ಕ್ಷಮಿಸುತ್ತದೆ. ನೋಡುವಾಗ ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಪುಸ್ತಕದ ವಿಕ್ಟರ್ ಸಾಯುವಾಗ, ನಾನು ನಡೆದುಕೊಂಡದ್ದನ್ನೆಲ್ಲ ಹಿಂತಿರುಗಿ ನೋಡಿದೆ, ಅದರಲ್ಲಿ ತಪ್ಪು ಕಾಣಲಿಲ್ಲ ಅಂತ ಹೇಳಿ ಸಾಯುತ್ತಾನೆ. ಜೀವಿ ಬರುವಷ್ಟರಲ್ಲಿ ಅವನು ಹೆಣ. ಆ ಹೆಣದ ಮುಂದೆ ನಿಂತು ಕ್ಷಮೆ ಕೇಳುವುದು ಜೀವಿ. ಕ್ಷಮೆ ಕೇಳಬೇಕಾದವನು ಕೇಳಲೇ ಇಲ್ಲವಲ್ಲ ಅನ್ನುವ ಸಂಕಟ ಪುಸ್ತಕ ಮುಚ್ಚಿದ ಮೇಲೂ ಬಿಡುವುದಿಲ್ಲ. ಚಿತ್ರ ಆ ಸಂಕಟವನ್ನು ಕಳೆದುಬಿಡುತ್ತದೆ.

ಹಗಲಲ್ಲಿ ಫೋನಿನಲ್ಲಿ ನೋಡಿದರೆ ಈ ಚಿತ್ರದ ಅರ್ಧ ಕಾಣುವುದೇ ಇಲ್ಲ, ರಾತ್ರಿ ದೀಪ ಆರಿಸಿ ಟಿವಿಯಲ್ಲಿ ನೋಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಕುಯ್ಯುವುದು ಹೊಲಿಯುವುದು ತುಂಬಾ ಇದೆ. 1931ರದ್ದನ್ನು ಸ್ವಲ್ಪ ದೊಡ್ಡ ಮಕ್ಕಳ ಜೊತೆ ನೋಡಬಹುದು.

ನಾನು ಮಲಗುವ ಮುಂಚೆ ಹತ್ತು ಹದಿನೈದು ಪುಟ ಓದುವವಳು. ಚಿಕ್ಕ ಚಿಕ್ಕ ಅಧ್ಯಾಯ, ಮೂರು ಸಂಪುಟದ ವಿಭಾಗ ನನಗೆ ಸರಿಹೋಯಿತು. ಮೊದಲ ಸಂಪುಟ ಜೀವಿಯ ಕಥೆ ಶುರುವಾಗುವ ಮುಂಚೆ, ಎರಡನೆಯದು ಅದರ ಕಥೆ ಮುಗಿಯುವ ಕಡೆ ನಿಲ್ಲುತ್ತದೆ. 1831ರ ಸಾಲು ಅಧ್ಯಾಯಗಳಲ್ಲಿ ಈ ನಿಲುಗಡೆ ಕಾಣುವುದಿಲ್ಲ. ಬೆಲೆಯ ವಿಷಯಕ್ಕೆ ಬಂದರೆ, ಟಿಪ್ಪಣಿ ಇರುವ 1818ರ ಪೇಪರ್‌ಬ್ಯಾಕ್‌ಗೆ ನಾನು ಆಮೇಲೆ ಕೊಟ್ಟದ್ದು ಅಗ್ಗದ ಪ್ರತಿಯ ಎರಡರಷ್ಟು. ಒಂದು ಹೊತ್ತು ಹೊರಗೆ ಊಟ ಬಿಟ್ಟರೆ ಸರಿಹೋಗುತ್ತದೆ. ಉದ್ಧರಣ ಚಿಹ್ನೆಗಳು ಎಲ್ಲ ಜಾಗದಲ್ಲಿವೆ.

ದುಡ್ಡು ಖರ್ಚು ಮಾಡುವುದು ಬೇಡ ಅನ್ನುವವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಎರಡೂ ಪಠ್ಯ ಉಚಿತವಾಗಿ ಸಿಗುತ್ತವೆ. ಈಗಾಗಲೇ 1831ರದ್ದು ಮನೆಯಲ್ಲಿ ಇದ್ದರೆ ಸುಮ್ನೆ ಇನ್ನೊಂದು ಕೊಳ್ಳಬೇಡಿ. ಮೇರಿ ಮಾಡಿದ ದೊಡ್ಡ ತಿದ್ದುಪಡಿಗಳಲ್ಲಿ ಹೆಚ್ಚಿನವು ಮೊದಲ ಸಂಪುಟದಲ್ಲೇ ಇವೆ. 1818ರ ಮೊದಲ ಸಂಪುಟವನ್ನು ಅಲ್ಲಿಂದ ಇಳಿಸಿಕೊಂಡು ಓದಿ, ಒಂಬತ್ತನೇ ಅಧ್ಯಾಯದಿಂದ ನಿಮ್ಮ ಪುಸ್ತಕದಲ್ಲೇ ಮುಂದುವರಿಸಿ.